ತೆರೆದ ಗಾಯಕ್ಕೆ ಒಂದೇ ಸಲ: ಆಪರೇಷನ್ ಥಿಯೇಟರ್‌ನಲ್ಲಿ ವಿಕಿರಣದ ಡೋಸ್ ಅಳೆಯುವ ಕೆಲಸ

ಆಪರೇಷನ್ ಥಿಯೇಟರ್ ಒಂದನ್ನು ಕಣ್ಮುಂದೆ ತಂದುಕೊಳ್ಳಿ. ಸರ್ಜನ್ ಕ್ಯಾನ್ಸರ್ ಗಡ್ಡೆಯನ್ನು ತೆಗೆದಾಗಿದೆ. ಗಾಯವನ್ನು ಇನ್ನೂ ಹೊಲಿದಿಲ್ಲ. ಗಡ್ಡೆ ಇದ್ದ ಜಾಗಕ್ಕೆ ಒಂದು ಪ್ಲಾಸ್ಟಿಕ್ ಕೊಳವೆಯ ತುದಿಯನ್ನು ಒತ್ತಿ ಇಟ್ಟಿದ್ದಾರೆ. ಕೊಳವೆಯ ಇನ್ನೊಂದು ತುದಿಯಲ್ಲಿ ಎಲೆಕ್ಟ್ರಾನ್ ಯಂತ್ರವಿದೆ. ಎಲ್ಲರೂ ಹೊರಗೆ ಬಂದು ಬಾಗಿಲು ಹಾಕಿದ್ದಾರೆ. ರೋಗಿಯ ಉಸಿರು, ನಾಡಿ, ರಕ್ತದೊತ್ತಡವನ್ನು ಅರಿವಳಿಕೆ ವೈದ್ಯರು ಹೊರಗಿನ ಪರದೆಯಲ್ಲಿ ನೋಡುತ್ತಿದ್ದಾರೆ. ಗುಂಡಿ ಒತ್ತಿದರೆ ಒಂದೆರಡು ನಿಮಿಷದಲ್ಲಿ ಚಿಕಿತ್ಸೆ ಮುಗಿಯುತ್ತದೆ. ಆಮೇಲೆ ಸರ್ಜನ್ ಒಳಗೆ ಹೋಗಿ ಗಾಯ ಹೊಲಿಯುತ್ತಾರೆ.

ಆ ಒಂದೆರಡು ನಿಮಿಷ ನಾನು ಇನ್ನೊಂದು ಪರದೆಯನ್ನು ನೋಡುತ್ತಾ ನಿಂತಿರುತ್ತೇನೆ. ನಾನು ಮೆಡಿಕಲ್ ಫಿಸಿಸಿಸ್ಟ್. ಆ ಪರದೆಯಲ್ಲಿ ಓಡುವ ಅಂಕಿಗೆ ಮಾನಿಟರ್ ಯೂನಿಟ್ ಅಂತ ಹೆಸರು. ಅದು ಯಂತ್ರ ತನಗೆ ತಾನೇ ಇಟ್ಟುಕೊಂಡ ಲೆಕ್ಕ. ರೋಗಿಯ ಮೈಯೊಳಗೆ ಎಷ್ಟು ಶಕ್ತಿ ಇಳಿಯಿತು ಅನ್ನೋದು ಯಂತ್ರಕ್ಕೆ ಗೊತ್ತಿಲ್ಲ. ಈ ಅಂಕಿ ಬಂದರೆ ಇಷ್ಟು ಡೋಸ್ ಅಂತ ಮೊದಲೇ ಯಾರೋ ನೀರಿನ ತೊಟ್ಟಿಯಲ್ಲಿ ಅಳೆದು, ಬರೆದು ಇಟ್ಟಿರಬೇಕು. ಇವತ್ತು ನಾನು ಮಾತಾಡುವುದು ಆ ಅಳತೆಯ ಬಗ್ಗೆ. ಅಳೆಯುವ ಸಲಕರಣೆಯೇ ಕೆಲವೊಮ್ಮೆ ನಮಗೆ ತಪ್ಪು ಹೇಳುತ್ತದೆ. ಅದನ್ನು ಹೇಗೆ ಪತ್ತೆ ಹಚ್ಚುತ್ತೇವೆ ಅನ್ನೋದನ್ನೂ ಹೇಳುತ್ತೇನೆ.

ನಿಮಗೆ ಗೊತ್ತಿರುವ ರೇಡಿಯೋಥೆರಪಿಯಿಂದಲೇ ಶುರು ಮಾಡೋಣ. ವಾರಕ್ಕೆ ಐದು ದಿನ, ಐದಾರು ವಾರ, ದಿನಕ್ಕೆ ಸುಮಾರು 2 ಗ್ರೇ (ಗ್ರೇ ಅನ್ನೋದು ಡೋಸ್‌ನ ಅಳತೆ, ವಿವರ ಮುಂದೆ ಹೇಳುತ್ತೇನೆ). ಒಂದು ದಿನ ರೋಗಿ ಸ್ವಲ್ಪ ಆಚೀಚೆ ಮಲಗಿದರು ಅನ್ನಿ. ಇನ್ನೊಂದು ದಿನ ಇನ್ನೊಂದು ಕಡೆಗೆ ಸರಿದಿರುತ್ತಾರೆ. ಇಪ್ಪತ್ತೈದು, ಮೂವತ್ತು ದಿನಗಳಲ್ಲಿ ಅಂಥ ಸಣ್ಣ ತಪ್ಪುಗಳು ಒಂದಕ್ಕೊಂದು ಹೊಂದಿಕೊಂಡು ಸರಿಹೋಗುತ್ತವೆ. ದೊಡ್ಡ ತಪ್ಪು ಮೂರನೇ ದಿನ ಕಣ್ಣಿಗೆ ಬಿದ್ದರೆ ಉಳಿದ ದಿನಗಳಲ್ಲಿ ಸರಿಪಡಿಸಬಹುದು. ಆಪರೇಷನ್ ಮಧ್ಯೆ ಕೊಡುವ ವಿಕಿರಣಕ್ಕೆ ಈ ಅನುಕೂಲ ಇಲ್ಲ. ಸಾಮಾನ್ಯವಾಗಿ 10ರಿಂದ 21 ಗ್ರೇವರೆಗೆ ಒಂದೇ ಸಲಕ್ಕೆ ಕೊಡುತ್ತೇವೆ. ಕೊಟ್ಟ ಮೇಲೆ ವಾಪಸ್ ತೆಗೆಯಲು ಆಗುವುದಿಲ್ಲ. ಕಡಿಮೆ ಕೊಟ್ಟಿದ್ದೇವೆ ಅಂತ ನಾಳೆ ಗೊತ್ತಾದರೆ ಗಾಯವನ್ನು ಮತ್ತೆ ತೆರೆಯಲು ಆಗುತ್ತಾ? ಆಗಲ್ಲ, ಅಲ್ವಾ?

ವಿಕಿರಣದ ಅಳತೆಗಳಿಗೆ ಐಸಿಆರ್‌ಯು ಅಂತ ಒಂದು ಅಂತರರಾಷ್ಟ್ರೀಯ ಆಯೋಗವಿದೆ. ಗಡ್ಡೆಗೆ ತಲುಪುವ ಡೋಸ್ ಶೇಕಡಾ 5ರ ಒಳಗೆ ಸರಿಯಿರಬೇಕು ಅಂತ ಅದು 1976ರಲ್ಲೇ ಹೇಳಿತ್ತು. ಈ ಶೇಕಡಾ 5 ಅನ್ನು ನೆನಪಿನಲ್ಲಿಡಿ. ಮುಂದೆ ಶೇಕಡಾ 20ರ ಒಂದು ತಪ್ಪಿನ ಮಾತು ಬರುತ್ತದೆ.

ಮೊದಲು ಗ್ರೇ ಅಂದರೆ ಏನು ಅಂತ ನೋಡೋಣ. ಒಂದು ಕಿಲೋಗ್ರಾಂ ವಸ್ತುವಿನಲ್ಲಿ ಒಂದು ಜೂಲ್ ಶಕ್ತಿ ಇಳಿದರೆ ಅದು 1 ಗ್ರೇ. ಕೇಳಲು ಸರಳ. ಆದರೆ ಒಂದು ಲೆಕ್ಕ ಮಾಡಿ ನೋಡಿ. 20 ಗ್ರೇ ಬಿದ್ದರೆ ನೀರು ಎಷ್ಟು ಬಿಸಿಯಾಗುತ್ತದೆ? ಒಂದು ಡಿಗ್ರಿಯ ಸಾವಿರದಲ್ಲಿ ಐದು ಪಾಲು, ಅಷ್ಟೇ. ಕೈ ಅದ್ದಿದರೆ ಏನೂ ಗೊತ್ತಾಗುವುದಿಲ್ಲ. ಇಡೀ ಮೈಗೆ ನಾಲ್ಕೈದು ಗ್ರೇ ಬಿದ್ದರೆ ಮನುಷ್ಯ ಬದುಕುವುದೇ ಕಷ್ಟ. ಆದರೂ ಶಾಖವಾಗಿ ನೋಡಿದರೆ ಅದು ಇಲ್ಲವೇ ಇಲ್ಲ ಅನ್ನುವಷ್ಟು ಸಣ್ಣದು. ವಿಕಿರಣ ಜೀವಕೋಶದ ಡಿಎನ್ಎಯನ್ನು ಮುರಿದು ಕೆಲಸ ಮಾಡುತ್ತದೆ. ಸುಡುವುದು ಅದರ ದಾರಿಯಲ್ಲ. ಹಾಗಾಗಿ ಡೋಸ್ ಅನ್ನು ಕಣ್ಣಿಂದ, ಕೈಯಿಂದ, ಸಾಮಾನ್ಯ ಥರ್ಮಾಮೀಟರಿನಿಂದ ಅಳೆಯಲು ಆಗುವುದಿಲ್ಲ. ದೇಶದೇಶಗಳ ಅಳತೆ ಪ್ರಯೋಗಾಲಯಗಳಲ್ಲಿ ಆ ಪುಟ್ಟ ಬಿಸಿಯನ್ನೇ ಹಿಡಿಯುವ ಕ್ಯಾಲೋರಿಮೀಟರ್‌ಗಳಿವೆ. ಅಲ್ಲಿಂದ ಸರಪಳಿ ಶುರುವಾಗುತ್ತದೆ. ನಮ್ಮ ಆಸ್ಪತ್ರೆಗಳ ಸಲಕರಣೆಗಳನ್ನು ಅವುಗಳಿಗೆ ಹೋಲಿಸಿ, ಪ್ರಮಾಣಪತ್ರ ಕೊಟ್ಟು ಕಳಿಸುತ್ತಾರೆ. ಸರಪಳಿಯ ಕೊನೆಯ ಕೊಂಡಿ ರೋಗಿ.

ಇಲ್ಲಿ ಸ್ವಲ್ಪ ಹಳೆಯ ಕಥೆ ಹೇಳಬೇಕು. ಆಪರೇಷನ್ ಮಧ್ಯೆ ವಿಕಿರಣ ಕೊಡುವ ಯೋಚನೆ ಹೊಸದೇನಲ್ಲ. ಎಕ್ಸ್-ರೇ ಕಂಡುಹಿಡಿದದ್ದು 1895ರಲ್ಲಿ. ಅದಾಗಿ ಹದಿನೈದು ವರ್ಷ ತುಂಬುವ ಮೊದಲೇ, 1909ರಲ್ಲಿ, ಕಾರ್ಲ್ ಬೆಕ್ ಎಂಬ ಸರ್ಜನ್ ಹೊಟ್ಟೆಯ ಕ್ಯಾನ್ಸರ್ ರೋಗಿಗಳಿಗೆ ಗಾಯ ತೆರೆದಿರುವಾಗಲೇ ಎಕ್ಸ್-ರೇ ಹಾಯಿಸಿದ್ದರು. ಆಗಿನ ಎಕ್ಸ್-ರೇಗಳಿಗೆ ಒಳಗೆ ಇಳಿಯುವ ಶಕ್ತಿ ಕಡಿಮೆ. ಡೋಸ್ ಅಳೆಯುವ ದಾರಿಯೂ ಸರಿಯಾಗಿ ಇರಲಿಲ್ಲ. ಈ ಚಿಕಿತ್ಸೆಗೆ ಈಗಿನ ರೂಪ ಬಂದದ್ದು 1960ರ ದಶಕದಲ್ಲಿ, ಜಪಾನಿನ ಕ್ಯೋಟೋದಲ್ಲಿ. ಮಿತ್ಸುಯುಕಿ ಅಬೆ ಮತ್ತು ಅವರ ಜೊತೆಗಾರರು ಒಂದೇ ಸಲಕ್ಕೆ ದೊಡ್ಡ ಡೋಸ್ ಕೊಡುವ ವಿಧಾನವನ್ನು ಬೆಳೆಸಿದರು. ಆದರೆ ಆಗ ಎಲೆಕ್ಟ್ರಾನ್ ಯಂತ್ರಗಳು ದಪ್ಪ ಗೋಡೆಯ ಕೋಣೆಗಳಲ್ಲಿ ಇರುತ್ತಿದ್ದವು. ಆಪರೇಷನ್ ಥಿಯೇಟರಿನಲ್ಲಿ ಗಾಯ ತೆರೆದ ರೋಗಿಯನ್ನು ಮುಚ್ಚಿಕೊಂಡು, ಅರಿವಳಿಕೆಯ ಸಮೇತ ಆ ಕೋಣೆಗೆ ಸಾಗಿಸಬೇಕಿತ್ತು. ಆ ತಂಡಗಳ ಧೈರ್ಯ ನೆನೆದರೆ ನನಗೆ ಈಗಲೂ ಗೌರವ ಬರುತ್ತದೆ.

1990ರ ದಶಕದ ಕೊನೆಯ ಹೊತ್ತಿಗೆ ಚಕ್ರದ ಮೇಲೆ ಓಡಾಡುವ ಪುಟ್ಟ ಲಿನಾಕ್‌ಗಳು, ಅಂದರೆ ಎಲೆಕ್ಟ್ರಾನ್‌ಗಳನ್ನು ವೇಗವಾಗಿ ಓಡಿಸುವ ಯಂತ್ರಗಳು, ಬಂದವು. ಅಮೆರಿಕದಿಂದ ಮೊಬೆಟ್ರಾನ್, ಇಟಲಿಯಿಂದ ನೋವ್ಯಾಕ್, ಆಮೇಲೆ ಲಿಯಾಕ್. ಇನ್ನೊಂದು ಕಡೆ ಇಂಟ್ರಾಬೀಮ್‌ನಂಥ ಪುಟ್ಟ ಎಕ್ಸ್-ರೇ ಯಂತ್ರ ಬಂತು. ಹೀಗೆ ರೋಗಿಯ ಹತ್ತಿರಕ್ಕೆ ಯಂತ್ರವೇ ಬರತೊಡಗಿತು. ರೋಗಿಗೆ ಇದು ದೊಡ್ಡ ಅನುಕೂಲ. ಅಳೆಯುವವರಿಗೆ ಮಾತ್ರ ಹೊಸ ತಲೆನೋವು ಶುರುವಾಯಿತು.

ತಲೆನೋವು ಯಾಕೆ ಅಂತ ತಿಳಿಯಬೇಕಾದರೆ ಅಯಾನ್ ಚೇಂಬರ್ ಗೊತ್ತಿರಬೇಕು. ನಮ್ಮ ಕಸುಬಿನ ಮುಖ್ಯ ಸಲಕರಣೆ ಅದು. ಒಂದು ಪುಟ್ಟ ಡಬ್ಬಿ, ಒಳಗೆ ಸ್ವಲ್ಪ ಗಾಳಿ, ಎರಡು ಪ್ಲೇಟು, ಅವುಗಳ ಮಧ್ಯೆ ಇನ್ನೂರು, ಮುನ್ನೂರು ವೋಲ್ಟ್. ವಿಕಿರಣ ಹಾಯ್ದಾಗ ಗಾಳಿಯ ಅಣುಗಳು ಒಡೆದು ಧನ ಮತ್ತು ಋಣ ಅಯಾನುಗಳಾಗುತ್ತವೆ. ವೋಲ್ಟೇಜ್ ಅವನ್ನು ಆ ಕಡೆ ಈ ಕಡೆ ಎಳೆದುಕೊಳ್ಳುತ್ತದೆ. ಕೂಡಿದ ಚಾರ್ಜ್ ಎಷ್ಟು ಅಂತ ಅಳೆದರೆ ಅಲ್ಲಿಂದ ಡೋಸ್ ಲೆಕ್ಕ ಹಾಕಬಹುದು.

ಗಾಳಿ ಅಂದ ಮೇಲೆ ಬಿಸಿ, ಒತ್ತಡ ಎಲ್ಲ ಲೆಕ್ಕಕ್ಕೆ ಬರುತ್ತದೆ. ಬಿಸಿಯಾದ ಗಾಳಿ ತೆಳುವಾಗುತ್ತದೆ, ಡಬ್ಬಿಯೊಳಗೆ ಅಣುಗಳು ಕಡಿಮೆಯಾಗುತ್ತವೆ. ಮೂರು ಡಿಗ್ರಿ ವ್ಯತ್ಯಾಸಕ್ಕೆ ಹೆಚ್ಚುಕಡಿಮೆ ಶೇಕಡಾ 1 ತಪ್ಪಾಗುತ್ತದೆ. ಈ ಕಸುಬಿಗೆ ಬಂದ ಹೊಸದರಲ್ಲಿ ನಾನು ಒಂದು ಆಸ್ಪತ್ರೆಯ ಥಿಯೇಟರಿನಲ್ಲಿ ಅಳತೆಗೆ ನಿಂತಿದ್ದೆ. ಚೇಂಬರಿನ ಓದು, ಅಂದರೆ ರೀಡಿಂಗ್, ಪ್ರತಿ ಹತ್ತು ನಿಮಿಷಕ್ಕೂ ಚೂರು ಚೂರೇ ಸರಿಯುತ್ತಿತ್ತು. ಯಂತ್ರದ್ದೇ ದೋಷ ಅಂತ ಅರ್ಧ ರಾತ್ರಿ ಕಳೆದೆ. ಕೊನೆಗೆ ನೋಡಿದರೆ ತೊಟ್ಟಿಗೆ ತುಂಬಿದ್ದ ನೀರು ಆಗಷ್ಟೇ ನಲ್ಲಿಯಿಂದ ಹಿಡಿದದ್ದು. ಥಿಯೇಟರಿನ ಏಸಿಗೆ ಅದು ನಿಧಾನವಾಗಿ ತಣ್ಣಗಾಗುತ್ತಿತ್ತು. ಅವತ್ತಿನಿಂದ ನೀರನ್ನು ಹಿಂದಿನ ದಿನವೇ ತುಂಬಿಸಿ ಕೋಣೆಯಲ್ಲಿ ಬಿಡುತ್ತೇನೆ. ಯಂತ್ರದ ಮೇಲೆ ಅನುಮಾನ ಪಡುವ ಮೊದಲು ಥರ್ಮಾಮೀಟರ್ ನೋಡುತ್ತೇನೆ.

ಈಗ ನಿಜವಾದ ತೊಡಕಿಗೆ ಬರೋಣ. ಲಿನಾಕ್‌ನಿಂದ ಎಲೆಕ್ಟ್ರಾನ್‌ಗಳು ನಲ್ಲಿಯ ನೀರಿನಂತೆ ಒಂದೇ ಸಮನೆ ಹರಿಯುವುದಿಲ್ಲ. ಮಿಡಿತ ಮಿಡಿತವಾಗಿ ಬರುತ್ತವೆ. ಒಂದೊಂದು ಮಿಡಿತವೂ ಕೆಲವೇ ಮೈಕ್ರೋಸೆಕೆಂಡ್. ದಪ್ಪ ಗೋಡೆಯ ಕೋಣೆಯಲ್ಲಿರುವ ಮಾಮೂಲಿ ಲಿನಾಕ್‌ನಲ್ಲಿ ಒಂದು ಮಿಡಿತಕ್ಕೆ ಒಂದು ಮಿಲಿಗ್ರೇಗಿಂತ ಕಡಿಮೆ ಡೋಸ್. ಥಿಯೇಟರಿಗೆ ಬರುವ ಕೆಲವು ಯಂತ್ರಗಳಲ್ಲಿ ಅದು ಹತ್ತಾರು ಮಿಲಿಗ್ರೇ. ಸುಮಾರು 50 ಮಿಲಿಗ್ರೇ ಅಂದುಕೊಂಡರೆ 20 ಗ್ರೇ ಕೊಡಲು ಬರೀ 400 ಮಿಡಿತ ಸಾಕು. ಎಲ್ಲ ಯಂತ್ರಗಳೂ ಹೀಗಿಲ್ಲ. ಮೊಬೆಟ್ರಾನ್‌ನಲ್ಲಿ ಒಂದು ಮಿಡಿತದ ಡೋಸ್ ಇದಕ್ಕಿಂತ ಬಹಳ ಕಡಿಮೆ, ಅಲ್ಲಿ ಈ ತೊಡಕು ಅಷ್ಟಾಗಿ ಕಾಡುವುದಿಲ್ಲ.

ಹತ್ತಾರು ಮಿಲಿಗ್ರೇ ಒಂದೇ ಏಟಿಗೆ ಬಿದ್ದಾಗ ಚೇಂಬರಿನೊಳಗೆ ಏನಾಗುತ್ತದೆ? ಒಂದು ದೊಡ್ಡ ಸಭಾಂಗಣ ಅಂದುಕೊಳ್ಳಿ, ಎರಡು ಕಡೆ ಎರಡು ಬಾಗಿಲು. ಹತ್ತು ಜನ ಇದ್ದರೆ ಅವರವರ ಬಾಗಿಲಿಗೆ ಸಲೀಸಾಗಿ ಹೋಗುತ್ತಾರೆ. ಸಾವಿರ ಜನ ಒಟ್ಟಿಗೆ ಎದ್ದರೆ? ಆ ಬಾಗಿಲಿಗೆ ಹೊರಟವರು ಈ ಬಾಗಿಲಿಗೆ ಹೊರಟವರಿಗೆ ಎದುರಾಗುತ್ತಾರೆ. ಅಯಾನುಗಳದ್ದೂ ಇದೇ ಪಾಡು. ಧನ ಅಯಾನು ಋಣ ಅಯಾನಿಗೆ ಎದುರಾದರೆ ಎರಡೂ ಸೇರಿ ಮತ್ತೆ ಮಾಮೂಲಿ ಅಣುವಾಗಿ ಬಿಡುತ್ತವೆ. ಪ್ಲೇಟು ತಲುಪುವುದೇ ಇಲ್ಲ, ಲೆಕ್ಕಕ್ಕೆ ಸಿಗುವುದೇ ಇಲ್ಲ. ಇದಕ್ಕೆ ಮರುಸೇರ್ಪಡೆ ಅನ್ನುತ್ತೇವೆ. ಹೀಗೆ ಕಳೆದುಹೋದ ಪಾಲು ಎಷ್ಟು ಅಂತ ಗೊತ್ತಾದರೆ ಮಾತ್ರ ನಿಜವಾದ ಡೋಸ್ ಹೇಳಬಹುದು.

ಮಾಮೂಲಿ ಲಿನಾಕ್‌ಗೆ ಇದಕ್ಕೊಂದು ಚೆಂದದ ಉಪಾಯವಿದೆ. ಒಮ್ಮೆ 300 ವೋಲ್ಟ್‌ನಲ್ಲಿ ಅಳೆಯಿರಿ, ಇನ್ನೊಮ್ಮೆ 100 ವೋಲ್ಟ್‌ನಲ್ಲಿ. ವೋಲ್ಟೇಜ್ ಕಡಿಮೆಯಾದರೆ ಎಳೆತ ಕಡಿಮೆ, ಕಳೆದುಹೋಗುವುದು ಜಾಸ್ತಿ. ಎರಡು ಓದುಗಳ ವ್ಯತ್ಯಾಸದಿಂದ ಒಟ್ಟು ಎಷ್ಟು ಕಳೆದುಹೋಯಿತು ಅಂತ ಲೆಕ್ಕ ಹಾಕಬಹುದು. ಅಂತರರಾಷ್ಟ್ರೀಯ ಅಣುಶಕ್ತಿ ಸಂಸ್ಥೆ 2000ದಲ್ಲಿ ಹೊರತಂದ ಟಿಆರ್‌ಎಸ್-398 ಎಂಬ ಕೈಪಿಡಿಯಲ್ಲಿ ಈ ವಿಧಾನವಿದೆ. ಜಗತ್ತಿನ ಎಷ್ಟೋ ಆಸ್ಪತ್ರೆಗಳು ಅದನ್ನೇ ಹಿಡಿದು ಅಳೆಯುತ್ತವೆ.

ಈ ಉಪಾಯದ ಹಿಂದೆ ಒಂದು ನಂಬಿಕೆ ಇದೆ. ಅಣುವಿನಿಂದ ಹಾರಿದ ಎಲೆಕ್ಟ್ರಾನ್ ಹೋಗಿ ಆಮ್ಲಜನಕಕ್ಕೆ ಅಂಟಿಕೊಂಡು ನಿಧಾನವಾಗಿ ನಡೆಯುವ ಋಣ ಅಯಾನು ಆಗುತ್ತದೆ ಅನ್ನೋದು ಆ ನಂಬಿಕೆ. ಆದರೆ ಕೆಲವು ಎಲೆಕ್ಟ್ರಾನ್‌ಗಳು ಯಾವುದಕ್ಕೂ ಅಂಟಿಕೊಳ್ಳದೆ ನೇರವಾಗಿ ಓಡಿ ಪ್ಲೇಟು ಮುಟ್ಟುತ್ತವೆ. ಅವಕ್ಕೆ ಎದುರಿಗೆ ಸಿಕ್ಕವರ ಜೊತೆ ಸೇರಲು ಸಮಯವೇ ಇಲ್ಲ. ಮಿಡಿತ ಚಿಕ್ಕದಿದ್ದಾಗ ಕಳೆದುಹೋಗುವುದೇ ಕಡಿಮೆ, ಹಾಗಾಗಿ ಈ ಓಟಗಾರರನ್ನು ಬಿಟ್ಟು ಲೆಕ್ಕ ಹಾಕಿದರೂ ನಡೆಯುತ್ತದೆ. ಮಿಡಿತ ದೊಡ್ಡದಾದರೆ ನಡೆಯುವುದಿಲ್ಲ. ಸೂತ್ರವು ನಿಜಕ್ಕಿಂತ ಜಾಸ್ತಿ ಕಳೆದುಹೋಯಿತು ಅಂತ ಹೇಳಿ, ನಿಜಕ್ಕಿಂತ ಜಾಸ್ತಿ ಡೋಸ್ ತೋರಿಸುತ್ತದೆ. ಈ ತಪ್ಪು ಶೇಕಡಾ 20ರವರೆಗೂ ಹೋಗಬಲ್ಲದು.

ಇದರ ಪರಿಣಾಮ ಯಾವ ಕಡೆಗೆ ಅಂತ ಯೋಚಿಸಿ. ವೈದ್ಯರು 21 ಗ್ರೇ ಬರೆದಿದ್ದಾರೆ. ನಮ್ಮ ಅಳತೆ ನಿಜಕ್ಕಿಂತ ಶೇಕಡಾ 20 ಜಾಸ್ತಿ ತೋರಿಸಿದೆ. ನಾವು ಯಂತ್ರಕ್ಕೆ 21 ಅಂತ ಹೇಳಿ ಗುಂಡಿ ಒತ್ತುತ್ತೇವೆ. ರೋಗಿಗೆ ಬೀಳುವುದು 17.5. ಸುಟ್ಟ ಗುರುತಿಲ್ಲ, ನೋವಿಲ್ಲ, ಯಾವ ಅಲಾರಮ್ಮೂ ಹೊಡೆದುಕೊಳ್ಳುವುದಿಲ್ಲ. ಗಾಯ ಚೆನ್ನಾಗಿ ಮಾಯುತ್ತದೆ. ರೋಗಿ ಖುಷಿಯಿಂದ ಮನೆಗೆ ಹೋಗುತ್ತಾರೆ. ಉಳಿದುಕೊಂಡ ಒಂದೆರಡು ಕ್ಯಾನ್ಸರ್ ಕೋಶಗಳು ವರ್ಷಗಳ ನಂತರ ತಲೆ ಎತ್ತಿದರೆ, ಅದು ಅಳತೆಯ ತಪ್ಪು ಅಂತ ಯಾರಿಗೂ ಹೊಳೆಯುವುದಿಲ್ಲ. ಕಡಿಮೆ ಡೋಸ್ ಯಾವತ್ತೂ ಸದ್ದು ಮಾಡುವುದಿಲ್ಲ. ಈ ಕಸುಬಿನಲ್ಲಿ ನನಗೆ ಜಾಸ್ತಿ ಭಯ ಇರುವುದು ಅದರದ್ದೇ.

ಹಾಗಾದರೆ ಏನು ಮಾಡುವುದು? ಚೇಂಬರನ್ನು ಇನ್ನೊಂದು ಚೇಂಬರಿನಿಂದ ಪರೀಕ್ಷಿಸಿದರೆ ಪ್ರಯೋಜನವಿಲ್ಲ. ಎರಡೂ ಒಂದೇ ತಪ್ಪು ಮಾಡುತ್ತವೆ. ಬೇರೆ ದಾರಿಯಿಂದ ಕೆಲಸ ಮಾಡುವ ಸಲಕರಣೆ ಬೇಕು. ಇಲ್ಲಿ ನನ್ನ ಅಚ್ಚುಮೆಚ್ಚಿನದು ಫ್ರಿಕ್ ದ್ರಾವಣ. ಹ್ಯೂಗೋ ಫ್ರಿಕ್ ಅದನ್ನು 1920ರ ದಶಕದಲ್ಲಿ ಕಂಡುಹಿಡಿದರು. ಆಮ್ಲ ಬೆರೆಸಿದ ನೀರಿನಲ್ಲಿ ಕಬ್ಬಿಣದ ಲವಣ. ವಿಕಿರಣ ಬಿದ್ದಾಗ ಫೆರಸ್ ಕಬ್ಬಿಣ ಫೆರಿಕ್ ಆಗುತ್ತದೆ. ಎಷ್ಟು ಫೆರಿಕ್ ಆಯಿತು ಅಂತ 304 ನ್ಯಾನೋಮೀಟರ್ ಬೆಳಕು ಹಾಯಿಸಿ ಅಳೆಯುತ್ತೇವೆ. ವೋಲ್ಟೇಜ್ ಇಲ್ಲ, ಪ್ಲೇಟ್ ಇಲ್ಲ, ಹಾಗಾಗಿ ಕಳೆದುಹೋಗುವ ಅಯಾನುಗಳ ರಗಳೆಯೂ ಇಲ್ಲ. ನಮ್ಮ ಮಿಡಿತಗಳು ಎಷ್ಟು ದೊಡ್ಡವಾದರೂ ಅದು ಅಷ್ಟೇ ನಿಷ್ಠೆಯಿಂದ ಲೆಕ್ಕ ಕೊಡುತ್ತದೆ. ಅದಕ್ಕೆ ಬೇಕಾದದ್ದು ಶುಚಿ. ಗಾಜಿನ ಮೇಲೆ ಬೆರಳಿನ ಜಿಡ್ಡು ಇದ್ದರೆ, ನೀರಿನಲ್ಲಿ ಚೂರು ಜೈವಿಕ ಕೊಳೆ ಇದ್ದರೆ ಲೆಕ್ಕ ಕೆಡುತ್ತದೆ. ಇದನ್ನು ತಯಾರಿಸುವವರು ಗಾಜನ್ನು ತೊಳೆಯುವ ಶ್ರದ್ಧೆ ನೋಡಬೇಕು ನೀವು.

ಇನ್ನೊಂದು ಅಲನಿನ್. ನಮ್ಮ ಮೈಯ ಪ್ರೋಟೀನ್‌ಗಳಲ್ಲಿ ಇರುವ ಅಮೈನೋ ಆಮ್ಲವೇ ಅದು. ಅದರ ಪುಡಿಯನ್ನು ಗುಳಿಗೆಯಂತೆ ಒತ್ತಿರುತ್ತಾರೆ. ವಿಕಿರಣ ಬಿದ್ದಾಗ ಅದರೊಳಗೆ ಉಂಟಾಗುವ ರಾಡಿಕಲ್‌ಗಳು, ಅಂದರೆ ಜೋಡಿ ತಪ್ಪಿದ ಎಲೆಕ್ಟ್ರಾನ್ ಇರುವ ಅಣುಚೂರುಗಳು, ಬಹಳ ಕಾಲ ಹಾಗೇ ಉಳಿಯುತ್ತವೆ. ಕಾಂತಕ್ಷೇತ್ರದಲ್ಲಿಟ್ಟು ಅವನ್ನು ಎಣಿಸಬಹುದು. ಗುಳಿಗೆಯನ್ನು ಅಂಚೆಯಲ್ಲಿ ದೂರದ ಪ್ರಯೋಗಾಲಯಕ್ಕೆ ಕಳಿಸಿದರೂ ಮಾಹಿತಿ ಕೆಡುವುದಿಲ್ಲ. ನಾವೇ ಅಳೆದು ನಾವೇ ಸರಿ ಅಂದುಕೊಳ್ಳುವ ಬದಲು, ನಮ್ಮನ್ನು ನೋಡಿಯೇ ಇರದ ಯಾರೋ ಅಳೆದು ಹೇಳುತ್ತಾರೆ. ಮೂರನೆಯದು ಫಿಲ್ಮ್. ವಿಕಿರಣ ಬಿದ್ದ ಕಡೆ ತಾನಾಗಿಯೇ ಕಪ್ಪಾಗುತ್ತದೆ, ತೊಳೆಯುವ ಕೆಲಸ ಇಲ್ಲ. ಚೇಂಬರಿನಲ್ಲೇ ಅಳೆಯಬೇಕು ಅನ್ನುವವರಿಗೆ ಓಟಗಾರ ಎಲೆಕ್ಟ್ರಾನ್‌ಗಳನ್ನೂ ಲೆಕ್ಕಕ್ಕೆ ಹಿಡಿಯುವ ತಿದ್ದಿದ ಸೂತ್ರಗಳಿವೆ. ಬೋಗ್ ಮತ್ತು ಜೊತೆಗಾರರು 1996ರಲ್ಲಿ ಅದಕ್ಕೆ ದಾರಿ ಹಾಕಿಕೊಟ್ಟರು. ನಾನು ಆ ಸೂತ್ರ ಬಳಸುತ್ತೇನೆ. ಆದರೆ ಫ್ರಿಕ್ ಅಥವಾ ಅಲನಿನ್ ಜೊತೆ ಒಮ್ಮೆಯಾದರೂ ತಾಳೆ ನೋಡದೆ ಹೊಸ ಯಂತ್ರದಲ್ಲಿ ರೋಗಿಗೆ ಚಿಕಿತ್ಸೆ ಕೊಡಲು ಒಪ್ಪುವುದಿಲ್ಲ.

ಒಂದು ಅಳತೆ ಸರಿಯಾದರೆ ಮುಗಿಯಿತಾ? ಇಲ್ಲ. ಗಾಯಗಳು ಒಂದೇ ಅಳತೆಯವಲ್ಲ. ಕೊಳವೆಗಳೂ ಬೇರೆ ಬೇರೆ ಅಗಲದವು, 3 ಸೆಂಟಿಮೀಟರಿನಿಂದ 10 ಸೆಂಟಿಮೀಟರ್, ಅದಕ್ಕೂ ಜಾಸ್ತಿ. ಕೆಲವುಗಳ ತುದಿ ನೇರವಾಗಿದ್ದರೆ, ಕೆಲವುಗಳದ್ದು 15, 30, 45 ಡಿಗ್ರಿ ಓರೆ. ಸೊಂಟದ ಒಳಗಿನ ಇಳಿಜಾರು ಜಾಗಕ್ಕೆ ಓರೆ ತುದಿಯೇ ಬೇಕು. ಎಲೆಕ್ಟ್ರಾನ್ ಶಕ್ತಿಯೂ ಮೂರು ನಾಲ್ಕು ಬಗೆ. ನಾಲ್ಕು ಶಕ್ತಿ, ಎಂಟು ಅಗಲ, ನಾಲ್ಕು ಓರೆ ಅಂದರೆ 128 ಜೋಡಣೆ. ಒಂದೊಂದಕ್ಕೂ ಡೋಸ್ ಬೇರೆ, ಆಳಕ್ಕೆ ಇಳಿಯುವ ರೀತಿ ಬೇರೆ. ಓರೆ ಕೊಳವೆಯಲ್ಲಿ ಡೋಸ್ ನೆಟ್ಟಗೆ ಇಳಿಯದೆ ಒಂದು ಪಕ್ಕಕ್ಕೆ ವಾಲುತ್ತದೆ. ಇವನ್ನೆಲ್ಲ ಥಿಯೇಟರಿನಲ್ಲೇ ಅಳೆಯಲೂ ಆಗುವುದಿಲ್ಲ, ಯಾಕೆಂದರೆ ಅಲ್ಲಿನ ಗೋಡೆಗಳು ಗಂಟೆಗಟ್ಟಲೆ ವಿಕಿರಣ ತಡೆಯಲು ಕಟ್ಟಿದವಲ್ಲ. ಮೇಲಿನ ಮಹಡಿ, ಪಕ್ಕದ ವಾರ್ಡ್ ಎಲ್ಲ ನೋಡಬೇಕು. ಹಾಗಾಗಿ ಹೊಸ ಯಂತ್ರ ಬಂದಾಗ ಅದನ್ನು ದಪ್ಪ ಗೋಡೆಯ ಕೋಣೆಗೆ ತಳ್ಳಿಕೊಂಡು ಹೋಗಿ, ಉದ್ದದ ಅಳತೆಗಳನ್ನೆಲ್ಲ ಅಲ್ಲಿ ಮುಗಿಸುತ್ತೇವೆ. ದಿನದ ಪರೀಕ್ಷೆ ಮಾತ್ರ ಥಿಯೇಟರಿನಲ್ಲಿ, ಕೆಲವೇ ನಿಮಿಷ. ಒಂದು ನಿಗದಿತ ಆಳದಲ್ಲಿ ಡೋಸ್ ನೋಡುತ್ತೇವೆ, ಇನ್ನೊಂದು ಆಳದಲ್ಲಿ ನೋಡಿ ಶಕ್ತಿ ಬದಲಾಗಿಲ್ಲ ಅಂತ ಖಾತ್ರಿ ಮಾಡಿಕೊಳ್ಳುತ್ತೇವೆ. ಚಕ್ರದ ಮೇಲೆ ಓಡಾಡುವ ಯಂತ್ರ ಅದು. ಬಾಗಿಲ ಹೊಸ್ತಿಲು ದಾಟುವಾಗ ತಗುಲಿದ ಒಂದು ಏಟಿನಿಂದ ಏನಾದರೂ ಸರಿದಿದೆಯೇ ಅನ್ನೋದು ಆ ಪರೀಕ್ಷೆಯಲ್ಲೇ ಗೊತ್ತಾಗಬೇಕು.

ಇಲ್ಲಿಯವರೆಗೆ ಎಲೆಕ್ಟ್ರಾನ್ ಮಾತಾಯಿತು. ಮುಂದಿನ ಸಾಲಿನಿಂದ ಒಬ್ಬರು ಕೇಳುತ್ತಿದ್ದಾರೆ, ಎಕ್ಸ್-ರೇ ಯಂತ್ರದಲ್ಲಿ ಮಿಡಿತವೇ ಇಲ್ಲವಲ್ಲ, ಅಲ್ಲಿ ಸುಲಭ ಅಲ್ವಾ ಅಂತ. ಮರುಸೇರ್ಪಡೆಯ ತೊಡಕು ಅಲ್ಲಿಲ್ಲ, ನಿಜ. ತೊಡಕು ಬೇರೆಯದು. ಇಂಟ್ರಾಬೀಮ್ ತೆಗೆದುಕೊಳ್ಳಿ. 50 ಕಿಲೋವೋಲ್ಟ್‌ನ ಎಲೆಕ್ಟ್ರಾನ್‌ಗಳು ತೆಳ್ಳನೆಯ ಒಂದು ಕೊಳವೆಯಲ್ಲಿ ಓಡಿ, ತುದಿಯಲ್ಲಿರುವ ಚಿನ್ನಕ್ಕೆ ಬಡಿಯುತ್ತವೆ. ಅಲ್ಲಿಂದ ಸುತ್ತಲೂ ಎಕ್ಸ್-ರೇ ಹೊಮ್ಮುತ್ತದೆ. ಕೊಳವೆಯ ತುದಿಗೆ ಒಂದು ಗೋಳ ತೊಡಿಸಿ, ಗಡ್ಡೆ ತೆಗೆದ ಹಳ್ಳದಲ್ಲಿ ಇಡುತ್ತಾರೆ. ಗೋಳಗಳು 1.5ರಿಂದ 5 ಸೆಂಟಿಮೀಟರ್ ಅಗಲದವು. ಚಿಕಿತ್ಸೆಗೆ ಇಪ್ಪತ್ತು, ಮೂವತ್ತು ನಿಮಿಷ ಬೇಕು.

ಇಲ್ಲಿ ಡೋಸ್ ದೂರದ ಜೊತೆ ವಿಪರೀತ ಬೇಗ ಇಳಿಯುತ್ತದೆ, ಹೆಚ್ಚುಕಡಿಮೆ ಗೋಳದ ಕೇಂದ್ರದಿಂದ ಅಳೆದ ದೂರದ ಘನಕ್ಕೆ ವಿಲೋಮವಾಗಿ. 3.5 ಸೆಂಟಿಮೀಟರ್ ಗೋಳದ ಮೇಲ್ಮೈಯಲ್ಲಿ 20 ಗ್ರೇ ಇದ್ದರೆ, ಒಂದು ಸೆಂಟಿಮೀಟರ್ ಆಚೆ ಐದು ಗ್ರೇ ಆಸುಪಾಸು. ಒಂದೇ ಮಿಲಿಮೀಟರ್ ಆಚೆ ಹೋದರೆ ಸುಮಾರು ಶೇಕಡಾ 15 ಕಡಿಮೆ. ನಮ್ಮ ಶೇಕಡಾ 5ರ ಗುರಿ ನೆನಪಿದೆ ತಾನೇ? ಅಂದರೆ ಚೇಂಬರನ್ನು ಮಿಲಿಮೀಟರಿನ ಮೂರನೇ ಒಂದು ಪಾಲು ತಪ್ಪಿ ಇಟ್ಟರೂ ನಮ್ಮ ಅಷ್ಟೂ ಅವಕಾಶ ಅಲ್ಲೇ ಖರ್ಚಾಗಿ ಹೋಯಿತು. ಈ ಯಂತ್ರದ ಅಳತೆ ತೊಟ್ಟಿಗಳಲ್ಲಿ ಚೇಂಬರನ್ನು ಮಿಲಿಮೀಟರಿನ ಹತ್ತನೇ ಪಾಲಿನಷ್ಟು ಸರಿಸುವ ತಿರುಪುಗಳು ಇರುವುದು ಅದಕ್ಕೇ. ರೋಗಿಯಲ್ಲೂ ಅಷ್ಟೇ. ಗೋಳಕ್ಕೂ ಅಂಗಾಂಶಕ್ಕೂ ಮಧ್ಯೆ ಒಂದು ಪದರ ರಕ್ತ ನಿಂತರೆ ಡೋಸ್ ಅಷ್ಟು ಕಡಿಮೆಯಾಗುತ್ತದೆ. ಸರ್ಜನ್ ಗೋಳದ ಸುತ್ತ ಅಂಗಾಂಶವನ್ನು ದಾರದಿಂದ ಬಿಗಿಯಾಗಿ ಕಟ್ಟುವುದು ಸುಮ್ನೆ ಅಲ್ಲ.

ಇಷ್ಟು ಕಡಿಮೆ ಶಕ್ತಿಯ ಎಕ್ಸ್-ರೇಯಲ್ಲಿ ಇನ್ನೊಂದು ವಿಷಯ. ಕಿರಣಗಳ ಬಗೆಯೇ ಆಳಕ್ಕೆ ಹೋದಂತೆ ಬದಲಾಗುತ್ತದೆ. ಮೆದು ಕಿರಣಗಳು ಬೇಗ ಹೀರಿಹೋಗಿ ಗಟ್ಟಿ ಕಿರಣಗಳು ಮುಂದೆ ಸಾಗುತ್ತವೆ. ಚೇಂಬರಿನ ಓದನ್ನು ಡೋಸ್‌ಗೆ ಬದಲಾಯಿಸುವ ಗುಣಕ ಪ್ರತಿ ಆಳಕ್ಕೂ ಚೂರು ಬೇರೆ. ಅದನ್ನು ಹೇಗೆ ಲೆಕ್ಕ ಹಾಕಬೇಕು ಅನ್ನುವುದರಲ್ಲೇ ಎರಡು ದಾರಿಗಳು ಬಂದವು. ಒಂದು, ಸ್ತನ ಕ್ಯಾನ್ಸರಿನ ದೊಡ್ಡ ಟಾರ್ಗಿಟ್ ಅಧ್ಯಯನದಲ್ಲಿ ಬಳಸಿದ ಹಳೆಯ ದಾರಿ. ಇನ್ನೊಂದು, ಆಮೇಲೆ ಬಂದ ಹೊಸ ದಾರಿ. ಒಂದೇ ಯಂತ್ರ, ಒಂದೇ ಗೋಳ, ಅಷ್ಟೇ ನಿಮಿಷ. ಆದರೂ ಹಳೆಯ ಲೆಕ್ಕದಲ್ಲಿ 20 ಗ್ರೇ ಅಂದದ್ದು ಹೊಸ ಲೆಕ್ಕದಲ್ಲಿ ಅದಕ್ಕಿಂತ ಜಾಸ್ತಿ ಬರುತ್ತದೆ. ರೋಗಿಗೆ ಬಿದ್ದ ಶಕ್ತಿ ಬದಲಾಗಿಲ್ಲ, ನಾವು ಅದಕ್ಕೆ ಕೊಟ್ಟ ಅಂಕಿ ಬದಲಾಯಿತು. ಯಾರಾದರೂ ಹೊಸ ಲೆಕ್ಕ ಹಿಡಿದು ಹಳೆಯ 20 ಅನ್ನೇ ಬರೆದರೆ ರೋಗಿಗೆ ಮೊದಲಿಗಿಂತ ಕಡಿಮೆ ಬೀಳುತ್ತದೆ. ಅದಕ್ಕೆ ಫೈಲಿನಲ್ಲಿ ಬರೀ ಗ್ರೇ ಬರೆದರೆ ಸಾಲದು, ಯಾವ ಲೆಕ್ಕದ ಗ್ರೇ ಅಂತಲೂ ಬರೆಯಬೇಕು.

ಇದೇ ಜಾಡಿನಲ್ಲಿ ಇನ್ನೊಂದು ಹೋಲಿಕೆ ನೋಡಿ. ಸ್ತನ ಕ್ಯಾನ್ಸರಿಗೆ ಈ ಚಿಕಿತ್ಸೆಯ ಎರಡು ದೊಡ್ಡ ಅಧ್ಯಯನಗಳು ನಡೆದವು. ಲಂಡನ್‌ನಲ್ಲಿ ಜಯಂತ್ ವೈದ್ಯ, ಮೈಕೆಲ್ ಬಾಮ್, ಜೆಫ್ರಿ ಟೋಬಿಯಾಸ್ ಶುರು ಮಾಡಿದ ಟಾರ್ಗಿಟ್. ಮಿಲಾನ್‌ನಲ್ಲಿ ಉಂಬರ್ಟೋ ವೆರೊನೇಸಿ ಅವರ ತಂಡದ ಎಲಿಯಟ್. ಒಂದರಲ್ಲಿ 20 ಗ್ರೇ, ಇನ್ನೊಂದರಲ್ಲಿ 21 ಗ್ರೇ. ಪಕ್ಕಪಕ್ಕ ಬರೆದರೆ ಎರಡೂ ಒಂದೇ ಅನ್ನಿಸುತ್ತದೆ. ಆದರೆ ಟಾರ್ಗಿಟ್‌ನ 20 ಗ್ರೇ ಇದ್ದದ್ದು ಗೋಳದ ಮೇಲ್ಮೈಯಲ್ಲಿ, ಅಲ್ಲಿಂದ ಆಚೆಗೆ ಕಡಿದಾದ ಇಳಿಜಾರು. ಎಲಿಯಟ್‌ನ 21 ಗ್ರೇಯನ್ನು ಎಲೆಕ್ಟ್ರಾನ್ ಡೋಸ್ ತನ್ನ ಗರಿಷ್ಠದ ಶೇಕಡಾ 90 ಇರುವ ಗೆರೆಗೆ ಬರೆದಿದ್ದರು. ಅಂದರೆ ಆಯ್ದ ದಪ್ಪದ ಅಂಗಾಂಶ ಪೂರ್ತಿಗೆ ಕಡಿಮೆಯೆಂದರೆ 21 ಗ್ರೇ. ಸಾಲದ್ದಕ್ಕೆ 50 ಕಿಲೋವೋಲ್ಟ್ ಎಕ್ಸ್-ರೇಗೆ ಅಷ್ಟೇ ಡೋಸ್‌ನಲ್ಲಿ ಜೀವಕೋಶಗಳ ಮೇಲೆ ಎಲೆಕ್ಟ್ರಾನ್‌ಗಿಂತ ಏಟು ಜಾಸ್ತಿ. ಎರಡು ಅಧ್ಯಯನಗಳ ಫಲಿತಾಂಶವನ್ನು ಹೋಲಿಸಿ ಇದು ಮೇಲು, ಅದು ಕೀಳು ಅನ್ನುವವರನ್ನು ಕಂಡಾಗ ನನಗೆ ಒಂದೇ ಪ್ರಶ್ನೆ ಕೇಳಬೇಕು ಅನ್ನಿಸುತ್ತದೆ: ಎಷ್ಟು ಆಳದಲ್ಲಿ?

ಕೊನೆಯ ಭಾಗಕ್ಕೆ ಬರುತ್ತೇನೆ, ರೋಗಿಯ ಮೈಯೊಳಗೇ ಅಳೆಯುವುದು. ನೀರಿನ ತೊಟ್ಟಿಯ ಅಳತೆ ಎಷ್ಟೇ ಚೆನ್ನಾಗಿದ್ದರೂ ತೊಟ್ಟಿ ಉಸಿರಾಡುವುದಿಲ್ಲ, ರಕ್ತ ಸುರಿಸುವುದಿಲ್ಲ. ಸ್ತನಕ್ಕೆ ಎಲೆಕ್ಟ್ರಾನ್ ಕೊಡುವಾಗ ಹಿಂದಿರುವ ಪಕ್ಕೆಲುಬು, ಶ್ವಾಸಕೋಶವನ್ನು ಕಾಪಾಡಲು ಅಂಗಾಂಶದ ಹಿಂದೆ ಲೋಹದ ಒಂದು ಬಿಲ್ಲೆ ಇಡುತ್ತಾರೆ. ಒಂದು ಬಗೆಯ ಬಿಲ್ಲೆಯಲ್ಲಿ ಒಂದು ಮುಖ ಅಲ್ಯೂಮಿನಿಯಂ, ಇನ್ನೊಂದು ಮುಖ ಸೀಸ. ಅಲ್ಯೂಮಿನಿಯಂ ಮುಖ ಕಿರಣದ ಕಡೆಗೆ ಇರಬೇಕು. ತಿರುವುಮುರುವಾಗಿ ಇಟ್ಟರೆ ಸೀಸಕ್ಕೆ ಬಡಿದ ಎಲೆಕ್ಟ್ರಾನ್‌ಗಳು ವಾಪಸ್ ಚಿಮ್ಮಿ ಅಲ್ಲಿನ ಅಂಗಾಂಶಕ್ಕೆ ಬೇಡದ ಡೋಸ್ ಕೊಡುತ್ತವೆ. ಥಿಯೇಟರಿನ ಮಂದ ಬೆಳಕಲ್ಲಿ, ಕೈಗವಸು ಹಾಕಿದ ಕೈಯಲ್ಲಿ, ಎರಡು ಮುಖ ಒಂದೇ ತರಹ ಕಾಣುತ್ತವೆ. ಅದಕ್ಕೆ ಬಿಲ್ಲೆಯ ಮೇಲೆ ದೊಡ್ಡ ಗುರುತು ಇರಲೇಬೇಕು ಅಂತ ನಾನು ಹಠ ಹಿಡಿಯುತ್ತೇನೆ.

ಆ ಬಿಲ್ಲೆಯ ಮೇಲೆ ಒಂದು ತುಂಡು ಫಿಲ್ಮನ್ನು ಕ್ರಿಮಿ ಇಲ್ಲದ ತೆಳು ಚೀಲದಲ್ಲಿ ಹಾಕಿ ಇಡುತ್ತೇವೆ. ಎಲ್ಲ ಸರಿಯಿದ್ದರೆ ಫಿಲ್ಮಿನ ಮೇಲೆ ಪೂರ್ತಿ ದುಂಡನೆಯ ಕಪ್ಪು ವೃತ್ತ ಮೂಡಬೇಕು. ಒಂದು ಆಸ್ಪತ್ರೆಯಲ್ಲಿ ಶುರುವಿನ ದಿನಗಳಲ್ಲಿ ನಾವು ಫಿಲ್ಮ್ ತೆಗೆದು ನೋಡಿದಾಗ ವೃತ್ತ ಪೂರ್ತಿ ಇರಲಿಲ್ಲ. ಒಂದು ಅಂಚು ಕತ್ತರಿಸಿ ಹೋದ ಚಂದ್ರನ ಹಾಗಿತ್ತು. ಆ ಕತ್ತರಿಸಿದ ಭಾಗದ ಕಿರಣ ಎಲ್ಲಿ ಹೋಯಿತು? ಬಿಲ್ಲೆಯ ಪಕ್ಕದಿಂದ ನುಸುಳಿ ಎದೆಗೂಡಿಗೆ ಹೋಯಿತು. ಬಿಲ್ಲೆ ಒಂದು ಸೆಂಟಿಮೀಟರಿನಷ್ಟು ಪಕ್ಕಕ್ಕೆ ಜಾರಿತ್ತು. ಅಂಗಾಂಶ ಮುಚ್ಚಿದ್ದರಿಂದ ಮೇಲಿನಿಂದ ಯಾರಿಗೂ ಕಂಡಿರಲಿಲ್ಲ. ಆ ಫಿಲ್ಮನ್ನು ಸರ್ಜನ್ ಕೈಗೆ ಕೊಟ್ಟೆ. ಅವರು ಬಹಳ ಹೊತ್ತು ಅದನ್ನೇ ನೋಡಿದರು. ಮುಂದಿನ ವಾರದಿಂದ ಕೊಳವೆಗಿಂತ ಸಾಕಷ್ಟು ಅಗಲದ ಬಿಲ್ಲೆ ಬಂತು. ಕೊಳವೆ ಇಡುವ ಮೊದಲು ಅಂಗಾಂಶದ ಮೇಲಿನಿಂದ ಬೆರಳೂರಿ ಬಿಲ್ಲೆಯ ಅಂಚನ್ನು ಸುತ್ತಲೂ ಮುಟ್ಟಿ ನೋಡುವುದು ಅವರ ಅಭ್ಯಾಸವಾಯಿತು. ಎಷ್ಟೋ ಮೀಟಿಂಗ್‌ಗಳಲ್ಲಿ ನಾನು ಬಾಯಲ್ಲಿ ಹೇಳಿ ಸಾಧಿಸಲಾಗದ್ದನ್ನು ಆ ಅರ್ಧ ಚಂದ್ರ ಸಾಧಿಸಿತು.

ಫಿಲ್ಮಿನ ಕೊರತೆ ಅಂದರೆ ಅದು ಉತ್ತರ ಕೊಡುವುದು ತಡ. ಆ ಕ್ಷಣಕ್ಕೇ ಬೇಕಿದ್ದರೆ ಮಾಸ್‌ಫೆಟ್ ಅನ್ನುವ ಪುಟ್ಟ ಚಿಪ್ ಇದೆ. ತೆಳು ತಂತಿಯ ತುದಿಯಲ್ಲಿ ಕೂತು ಹೊರಗಿನ ಪರದೆಗೆ ಡೋಸ್ ತಿಳಿಸುತ್ತದೆ. ಕೆಲವರು ಮೊದಲು ಸ್ವಲ್ಪ ಭಾಗ ಕೊಟ್ಟು, ಚಿಪ್ ಏನು ಹೇಳುತ್ತದೆ ನೋಡಿ, ಉಳಿದದ್ದನ್ನು ಸರಿಪಡಿಸಿ ಕೊಡುತ್ತಾರೆ. ಎರಡನೇ ಅವಕಾಶವೇ ಇಲ್ಲದ ಚಿಕಿತ್ಸೆಯಲ್ಲಿ ಅರ್ಧ ಅವಕಾಶವನ್ನಾದರೂ ಗಿಟ್ಟಿಸಿಕೊಳ್ಳುವ ಈ ದಾರಿ ನನಗೆ ಬಹಳ ಇಷ್ಟ.

ನಿಮ್ಮಲ್ಲಿ ಭೌತಶಾಸ್ತ್ರ ಓದುತ್ತಿರುವವರಿಗೆ ಒಂದು ಮಾತು. ಈಗ ಫ್ಲ್ಯಾಶ್ ಎಂಬ ಹೊಸ ಚಿಕಿತ್ಸೆಯ ಸಂಶೋಧನೆ ನಡೆಯುತ್ತಿದೆ. ಸೆಕೆಂಡಿಗೆ 40 ಗ್ರೇಗಿಂತ ಜಾಸ್ತಿ ವೇಗದಲ್ಲಿ ಪೂರ್ತಿ ಡೋಸ್ ಕೊಟ್ಟರೆ ಆರೋಗ್ಯವಂತ ಅಂಗಾಂಶಕ್ಕೆ ಹಾನಿ ಕಡಿಮೆ ಅಂತ ಪ್ರಾಣಿಗಳ ಪ್ರಯೋಗಗಳಲ್ಲಿ ಕಂಡಿದೆ. ಇದಕ್ಕೆ ಬಳಸುವ ಯಂತ್ರಗಳಲ್ಲಿ ಹಲವು, ಥಿಯೇಟರಿನ ಇದೇ ಎಲೆಕ್ಟ್ರಾನ್ ಯಂತ್ರಗಳನ್ನು ತಿದ್ದಿ ಮಾಡಿದವು. ಒಂದೊಂದು ಮಿಡಿತಕ್ಕೆ ಕೆಲವು ಗ್ರೇ. ಅಲ್ಲಿ ಮಾಮೂಲಿ ಚೇಂಬರ್ ಮಂಕಾಗಿ ಬಿಡುತ್ತದೆ. ಯುರೋಪಿನಲ್ಲಿ 2019ರಲ್ಲಿ ಶುರುವಾದ ಯುಎಚ್‌ಡಿಪಲ್ಸ್ ಯೋಜನೆ ಇಂಥ ಮಿಡಿತಗಳನ್ನು ಅಳೆಯುವ ದಾರಿಗಳಿಗಾಗಿಯೇ ನಡೆಯಿತು. ಪ್ಲೇಟುಗಳ ಅಂತರ ಮಿಲಿಮೀಟರಿನ ಸಣ್ಣ ಪಾಲಿಗೆ ಇಳಿದ ಚೇಂಬರ್, ವಜ್ರದ ಡಿಟೆಕ್ಟರ್, ಆಸ್ಪತ್ರೆಗೆ ಒಯ್ಯಬಹುದಾದ ಕ್ಯಾಲೋರಿಮೀಟರ್ ಎಲ್ಲ ಬರುತ್ತಿವೆ. ಮಾಡುವ ಕೆಲಸ ಇನ್ನೂ ಬೇಕಾದಷ್ಟಿದೆ, ಬನ್ನಿ.

ಫಿಲ್ಮ್ ಉತ್ತರ ಕೊಡುವುದು ತಡ ಅಂದೆನಲ್ಲ, ಅದನ್ನು ಹೇಳಿ ಮುಗಿಸುತ್ತೇನೆ. ವಿಕಿರಣ ಬಿದ್ದ ಮೇಲೂ ಫಿಲ್ಮ್ ಇನ್ನಷ್ಟು ಗಂಟೆ ನಿಧಾನವಾಗಿ ಕಪ್ಪಾಗುತ್ತಲೇ ಇರುತ್ತದೆ. ಅವಸರಕ್ಕೆ ಓದಿದರೆ ಕಡಿಮೆ ಡೋಸ್ ತೋರಿಸುತ್ತದೆ. ಆಪರೇಷನ್ ಮುಗಿದ ಸಂಜೆ ನಾನು ಆ ತುಂಡನ್ನು ಒರೆಸಿ, ಕಪ್ಪು ಕವರಿನಲ್ಲಿ ಹಾಕಿ, ಮೇಲೆ ದಿನಾಂಕ, ಗಂಟೆ ಬರೆದು ಇಡುತ್ತೇನೆ. ಅದರ ಜೊತೆಗೆ ಅದೇ ಯಂತ್ರದಲ್ಲಿ, ಗೊತ್ತಿರುವ ಡೋಸ್ ಕೊಟ್ಟ ಇನ್ನೊಂದು ತುಂಡನ್ನೂ ಇಡುತ್ತೇನೆ. ಇಪ್ಪತ್ತನಾಲ್ಕು ಗಂಟೆ ಬಿಟ್ಟು ಎರಡನ್ನೂ ಸ್ಕ್ಯಾನರಿನ ಮಧ್ಯಕ್ಕೆ, ಒಂದೇ ದಿಕ್ಕಿಗೆ ಇಟ್ಟು ಓದುತ್ತೇನೆ. ರೋಗಿ ಆ ಹೊತ್ತಿಗೆ ವಾರ್ಡಿನಲ್ಲಿ ಎದ್ದು ಕೂತಿರುತ್ತಾರೆ. ನಾನು ಓದಿದ ಅಂಕಿಯನ್ನು ಅವರ ಫೈಲಿನಲ್ಲಿ, ವೈದ್ಯರು ಬರೆದ ಅಂಕಿಯ ಪಕ್ಕದಲ್ಲಿ ಬರೆಯುತ್ತೇನೆ.